ಟೀಚರತ್ತೆಯ ಅನುಮಾನ

ಅವರ ಎಡಹುಬ್ಬನ್ನು ಹಳೆಯ ಗಾಯದ ಗೆರೆಯೊಂದು ಎರಡು ತುಂಡು ಮಾಡಿತ್ತು. ಚಿಕ್ಕಂದಿನಲ್ಲಿ ನಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದದ್ದಂತೆ. ಹುಬ್ಬು ಅಂದಿನಿಂದ ಮೇಲಕ್ಕೆ ಎಳೆದುಕೊಂಡೇ ಉಳಿದಿತ್ತು. ಊಟ ಮಾಡುವಾಗಲೂ, ನಿದ್ದೆ ಮಾಡುವಾಗಲೂ ಆ ಮುಖ ‘ನಿಜವಾ?’ ಎಂದು ಕೇಳುತ್ತಿರುವಂತೆ ಕಾಣುತ್ತಿತ್ತು.

ನನ್ನ ಯಜಮಾನರ ಸೋದರತ್ತೆ ಅವರು. ಕಿರುಗಾವಲಿನ ಸುತ್ತಮುತ್ತಲ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾಗಿ, ಮಂಡಿನೋವು ಹೆಚ್ಚಾದ ಮೇಲೆ ಮದ್ದೂರಿನ ನಮ್ಮ ಮನೆಗೆ ಬಂದರು. ಮನೆಮಂದಿಗೆಲ್ಲ ಅವರು ಟೀಚರತ್ತೆ. ಪರೀಕ್ಷೆಯ ಕೋಣೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದು ಹಿಡಿದು, ಲೋಕವೇ ಕಾಪಿ ಹೊಡೆಯುತ್ತಿದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಹಾಲಿನವನು ಬೆನ್ನು ತಿರುಗಿಸುವ ಮೊದಲೇ ಪಾತ್ರೆಯೊಳಗೆ ಬೆರಳದ್ದಿ ನೋಡುತ್ತಿದ್ದರು. ಬಸ್ಸಿನ ಬೋರ್ಡು ತಾವೇ ಓದಿಕೊಂಡರೂ ಡ್ರೈವರನ್ನು ‘ಇದು ಮಳವಳ್ಳಿಗೇ ಓಯ್ತದಾ?’ ಎಂದು ಕೇಳಿ, ಒಳಗೆ ಕೂತ ಮೇಲೆ ಪಕ್ಕದವರನ್ನೂ ಕೇಳುತ್ತಿದ್ದರು.

ನನ್ನ ಮಗಳು ಆಗ ಎರಡನೇ ಕ್ಲಾಸು. ಸಂಜೆ ಟ್ಯೂಷನ್ನಿನಿಂದ ಬಂದ ಮೇಲೆ ಅವಳನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದೆ. ಪಾಠ ಗಳಗಳನೆ ಓದುತ್ತಿದ್ದಳು, ಕೂಡುವ ಲೆಕ್ಕದಲ್ಲಿ ಸರಿಯಾದ ಉತ್ತರಕ್ಕೇ ಬಂದು ನಿಲ್ಲುತ್ತಿದ್ದಳು. ನನಗೆ ಹೆಮ್ಮೆ. ಟೀಚರತ್ತೆ ಮಾತ್ರ ಗೋಡೆಗೊರಗಿ ಕಾಲು ಚಾಚಿ, ಪುಸ್ತಕದ ಕಡೆ ನೋಡದೆ ಮಗುವಿನ ಕಣ್ಣನ್ನೇ ನೋಡುತ್ತಿದ್ದರು.

ಒಂದು ಸಂಜೆ ಇದ್ದಕ್ಕಿದ್ದಂತೆ ಹೇಳಿದರು: “ಅವ್ಳು ಪುಸ್ತಕ ಓದ್ತಿಲ್ಲ ಕಣಮ್ಮ. ನಿನ್ ಮಕ ಓದ್ತಾವ್ಳೆ.”

ನನಗೆ ಸಿಟ್ಟು ಬಂತು. “ಏನತ್ತೆ, ಮಗೀನ ಮೇಲೂ ಅನ್ಮಾನವಾ?”

“ನೀನು ಆ ಕಡೆ ತಿರುಗು. ಆಮೇಲೆ ಮಾತಾಡು.”

ಹಟಕ್ಕೆ ಒಲೆಯ ಕಡೆ ತಿರುಗಿ, ಓರೆಗಣ್ಣಿನಲ್ಲಷ್ಟೇ ನೋಡುತ್ತಾ ನಿಂತೆ. ಅವರು ಚಿತ್ರದ ಮೇಲೆ ಅಂಗೈ ಮುಚ್ಚಿ, ಪಾಠದ ನಡುವಿನ ಒಂದು ಸಾಲು ತೋರಿಸಿದರು. ಮಗಳ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಎಂಟಕ್ಕೆ ಐದು ಕೂಡು ಎಂದರು. “ಹನ್ನೊಂದಾ... ಹನ್ನೆರಡಾ...” ಎಂದು ಪ್ರತಿ ಅಂಕಿಗೂ ನಿಂತು ನಿಂತು ನನ್ನ ಬೆನ್ನನ್ನು ಕಣ್ಣಲ್ಲೇ ತಡಕಾಡುತ್ತಿದ್ದಳು. ಆಗ ನನಗೆ ಅರ್ಥವಾಯಿತು. ಪಾಠವನ್ನು ಚಿತ್ರ ನೋಡಿ ಬಾಯಿಪಾಠ ಒಪ್ಪಿಸುತ್ತಿದ್ದಳು. ಲೆಕ್ಕದಲ್ಲಿ ಸರಿಯಾದ ಅಂಕಿ ಬಂದಾಗ ನನ್ನ ಮುಖ ಅರಳುತ್ತಿತ್ತು. ಅವಳು ಅಲ್ಲಿಗೆ ನಿಲ್ಲಿಸುತ್ತಿದ್ದಳು.

ಮಗಳು ದಡ್ಡಿ ಎಂದು ತೋರಿಸುವುದೇ ಇವರ ಉದ್ದೇಶವೇನೋ ಎಂದು ನನಗೆ ಅವರ ಮೇಲೆಯೇ ಅನುಮಾನ ಹುಟ್ಟಿತು. ಅವರ ಅನುಮಾನ ಬೇರೆ ದಾರಿ ಹಿಡಿದಿತ್ತು. “ಇಷ್ಟು ಸಣ್ ಮಗ ಇಂಥ ಕಳ್ಳಾಟ ಸುಮ್ಮನೆ ಕಲಿಯಾಕಿಲ್ಲ. ಯಾರೋ ಹೆದರ್ಸವ್ರೆ” ಎಂದರು. ಯಾರೆಂದು ನನ್ನನ್ನು ಕೇಳಿದರು, ಯಜಮಾನರನ್ನು ಕೂರಿಸಿಕೊಂಡು ಕೇಳಿದರು. ನಮ್ಮಿಬ್ಬರ ಉತ್ತರವನ್ನೂ ನಂಬದೆ, ಮಾರನೆಯ ದಿನ ಕೋಲೂರಿಕೊಂಡು ಪಕ್ಕದ ಬೀದಿಯ ಟ್ಯೂಷನ್ ಮನೆಗೆ ಹೊರಟರು. ಜಗಳ ತೆಗೆದಾರು ಎಂಬ ಭಯಕ್ಕೆ ನಾನೂ ಹಿಂದೆ ಹೋದೆ.

ಒಳಗೆ ಹೋಗದೆ ಕಿಟಕಿಯ ಪಕ್ಕ ನಿಂತರು. ಒಳಗೆ ಒಂದು ಮಗು ತಪ್ಪು ಹೇಳಿತು. ಟ್ಯೂಷನ್ನಿನಾಕೆ ಅದನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಉಳಿದ ಮಕ್ಕಳ ಕೈಲಿ ‘ಸೊನ್ನೆ, ಸೊನ್ನೆ’ ಎಂದು ಚಪ್ಪಾಳೆ ತಟ್ಟಿಸಿದರು. ನನ್ನ ಮಗಳೂ ತಟ್ಟುತ್ತಿದ್ದಳು, ಆಕೆಯ ಮುಖದಿಂದ ಕಣ್ಣು ಕೀಳದೆ.

ಟೀಚರತ್ತೆ ಬಾಗಿಲಿಗೆ ಹೋಗಿ, “ಇವಳು ನಾಳೆಯಿಂದ ಬರಾಕಿಲ್ಲ. ನೀವು ಆ ಸ್ಟೂಲಿನ ಮೇಲೆ ಒಂದ್ಸಲ ನಿಂತು ನೋಡಿ, ತಾಯಿ” ಎಂದಷ್ಟೇ ಹೇಳಿ ಮಗುವಿನ ಕೈ ಹಿಡಿದು ಹೊರಟರು.

ಅಂದಿನಿಂದ ಪಾಠ ಅವರದು. ಅವರ ಮುಖ ಓದಲು ಮಗಳು ಬಹಳ ಪ್ರಯತ್ನಪಟ್ಟಳು, ಆಗಲಿಲ್ಲ. ಸರಿ ಹೇಳಿದರೂ ತಪ್ಪು ಹೇಳಿದರೂ ಆ ಹುಬ್ಬು ಅಲ್ಲೇ ಇರುತ್ತಿತ್ತು! ಅವರೆಕಾಯಿ ಸುಲಿಯುತ್ತಾ ಹತ್ತು ಕಾಳು ಎಣಿಸಿ, ಕೆಲವನ್ನು ಲೋಟದ ಕೆಳಗೆ ಮುಚ್ಚಿ, “ಒಳಗೆಷ್ಟಿದವೆ?” ಎನ್ನುವರು. ಮಗಳು ತಲೆ ಎತ್ತಿದರೆ, “ನನ್ ಮಕದಲ್ಲಿ ಏನೈತೆ? ಲೋಟ ಎತ್ತಿ ನೋಡು” ಎನ್ನುವರು. ಸ್ಲೇಟಿನ ಮೇಲೆ ‘ಬೆಕ್ಕು ರೊಟ್ಟಿ ತಟ್ಟಿತು’, ‘ಅಪ್ಪ ಲಂಗ ತೊಟ್ಟ’ ಎಂದೆಲ್ಲ ಬರೆದು ಸುಮ್ಮನೆ ಕೂರುವರು. ಮೊದಮೊದಲು ಮಗಳು ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಾ ಸುಸ್ತಾಗುತ್ತಿದ್ದಳು. ಒಂದು ಸಂಜೆ ಒಳಕೋಣೆಯಿಂದ ಅವಳ ನಗು ಕೇಳಿಸಿತು. ಓದಿದ್ದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಅವರಿಗೂ ಬೇಕಿರಲಿಲ್ಲ.

ಒಂದು ದಿನ ಲೋಟದೊಳಗೆ ಆರು ಎಂದಳು ಮಗಳು. ಟೀಚರತ್ತೆ ಗದರಿದರು: “ತಪ್ಪು. ಐದು.”

ಮಗಳು ನನ್ನ ಕಡೆ ನೋಡಿದಳು. ನಾನು ಕಷ್ಟಪಟ್ಟು ಸಾರಿನ ಪಾತ್ರೆಯ ಕಡೆ ತಿರುಗಿದೆ. ಆಮೇಲೆ ಲೋಟ ಎತ್ತಿದ ಸದ್ದು.

“ಅಜ್ಜಿ, ನೀವೇ ನೋಡಿ. ಆರೇ.”

ಅವರು ಬಾಗಿ, ಎಣಿಸಿ, ಮತ್ತೊಮ್ಮೆ ಎಣಿಸಿದರು. “ಹೂಂ. ಆರೇ” ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದು ಹೋದರು.

ಮಗಳು ಐದನೇ ಕ್ಲಾಸಿಗೆ ಬಂದ ವರ್ಷ ಅವರನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನದಲ್ಲಿ ಮನೆಗೆ ಹೋಗಬಹುದು ಎಂದು ಯಜಮಾನರು ಹೇಳಿದರು, ನಾನೂ ಹೇಳಿದೆ, ನರ್ಸೂ ಹೇಳಿದಳು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ಮಗಳನ್ನು ಹತ್ತಿರ ಕರೆದರು.

“ನೀನು ಹೇಳು ಮಗ. ನಂಗೆ ವಾಸಿಯಾಯ್ತದಾ?”

“ಗೊತ್ತಿಲ್ಲ ಅಜ್ಜಿ. ಡಾಕ್ಟ್ರು ಅಪ್ಪನ ಹತ್ರ ಮೆಲ್ಲಗೆ ಏನೋ ಹೇಳುದ್ರು. ಅಪ್ಪ ಅತ್ರು.”

ನಾನು ಅವಳ ತೋಳು ಹಿಡಿದೆಳೆದೆ. ಟೀಚರತ್ತೆ ನನ್ನ ಕೈ ತಳ್ಳಿದರು. “ಬುಡು ಅವಳ. ಹಂಗಾದ್ರೆ ನನ್ನ ಕಿರುಗಾವಲಿಗೆ ಕರ್ಕೊಂಡೋಗಿ. ಇಲ್ಲಿ ಬ್ಯಾಡ.”

ಕರೆದುಕೊಂಡು ಹೋದೆವು. ತಮ್ಮ ಮನೆಯ ನಡುಮನೆಯಲ್ಲಿ, ತಮ್ಮ ಮಂಚದ ಮೇಲೆ, ಬೆಳಗಿನ ಕಾಫಿ ಕುಡಿದು ಹೋದರು. ನಾವು ಮೂವರು ಸೇರಿ ಹೇಳಿದ ಸುಳ್ಳನ್ನು ಅವರು ನಂಬಿಬಿಟ್ಟಿದ್ದರೆ ಆ ಮನೆ, ಆ ಮಂಚ ಅವರಿಗೆ ಸಿಗುತ್ತಿರಲಿಲ್ಲ.

ಹನ್ನೊಂದನೆಯ ದಿನ ಊಟಕ್ಕೆ ಬಂದಿದ್ದ ನೆಂಟರೊಬ್ಬರು ಎಲೆಯ ಮುಂದೆ ಕೂತು, “ಏನೇ ಆಗ್ಲಿ, ಅವಮ್ಮ ಕೊನೆಗಂಟ ಯಾರ್ನೂ ನಂಬ್ನಿಲ್ಲ ಬುಡಿ” ಎಂದರು.

ಪಲ್ಯದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದ ಮಗಳು ಅವರ ಎಲೆಯ ಮುಂದೆ ನಿಂತಳು.

“ನನ್ನ ನಂಬಿದ್ರು” ಎಂದು ಹೇಳಿ, ಪಲ್ಯ ಬಡಿಸಿ, ಮುಂದಿನ ಎಲೆಗೆ ಹೋದಳು.