ಗಾಳಿಗೆ ಬೆನ್ನು ಕೊಟ್ಟ ಜುಂಜಣ್ಣ

ಮೊಳಕಾಲ್ಮೂರಿನ ಟ್ರಾಕ್ಟರ್ ಮೆಕ್ಯಾನಿಕ್ ಜುಂಜಣ್ಣ ಯಾರಿಗೂ ಜಗ್ಗುವ ಆಸಾಮಿಯಲ್ಲ. ಅಂಥವನು ಅವತ್ತು ಮುರಿದ ಪ್ರೊಪೆಲ್ಲರ್ ಹಿಡಿದು ಹನುಮಂತರಾಜು ಮೇಷ್ಟ್ರ ಬಾಗಿಲಲ್ಲಿ ಬೆಕ್ಕಿನಂತೆ ನಿಂತಿದ್ದ.

ನಿವೃತ್ತರಾದ ಮೇಷ್ಟ್ರು ನಾಲ್ಕು ವರ್ಷ ಕೂತು ಹಳೇ ಕಾಲದ ಯುದ್ಧವಿಮಾನವೊಂದರ, ರಿಮೋಟಿನಿಂದ ಹಾರುವ ಮಾದರಿ ಕಟ್ಟಿದ್ದರು. ಮುಂದೆ ಎರಡು ಗಾಲಿ, ಬಾಲದಡಿ ಪುಟ್ಟದೊಂದು. ಹಾರಿಸೋಣವೆನ್ನುವಷ್ಟರಲ್ಲಿ ಪಾರ್ಶ್ವವಾಯು ಬಡಿದು ಕೈ ನಡುಗತೊಡಗಿತು. ಆಗ ಅವರು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಈ ಜುಂಜಣ್ಣನನ್ನು ಕರೆದು, ಥರ್ಮಾಕೋಲಿನ ವಿಮಾನದಲ್ಲಿ ವರ್ಷವಿಡೀ ಕಲಿಸಿ, ಕೊನೆಗೆ ತಮ್ಮ ವಿಮಾನವನ್ನೇ ಕೈಗಿತ್ತರು. ಹಾಗೆ ನಂಬಿ ಅವನಿಗೆ ಯಾರು ಏನು ಕೊಟ್ಟಿದ್ದರು, ಹೇಳಿ! ಅವನೋ, ಗುಟ್ಟಾಗಿ ಅಭ್ಯಾಸ ಮಾಡಲು ಹೋಗಿ ಅದರ ಮೂತಿಯನ್ನು ನೆಲಕ್ಕೆ ಕುಟ್ಟಿಸಿದ್ದ.

"ಹೆಂಗೆ ಬಿಟ್ಟೆ?"

"ಗಾಳಿಗೆ ಬೆನ್ನು ಕೊಟ್ಟು, ಸಾ."

ಮೇಷ್ಟ್ರು ಕೆಮ್ಮು ಬರುವವರೆಗೂ ನಕ್ಕರು. "ಲೇ, ಶೇಂಗಾ ತೂರಾಕೆ ಹೋಗಿದ್ದೇನ್ಲೇ? ಹಿಂದ್ಲಿಂದ ಗಾಳಿ ನುಗ್ಗಿದ್ರೆ ಬಾಲ ಮೇಲೆದ್ದು ಮೂತಿ ನೆಲ ಕಚ್ತೈತೆ!"

ಚಿಕ್ಕಂದಿನಿಂದ ಕಣದಲ್ಲಿ ಹಾಗೇ ನಿಂತು ತೂರಿದವನಿಗೆ, ಹೇಳಲು ಮೇಷ್ಟ್ರು ಪಕ್ಕದಲ್ಲಿಲ್ಲದಾಗ, ಬೇರೆ ನಿಲುವು ಹೊಳೆದಿರಲೇ ಇಲ್ಲ. ಬೈಗುಳಕ್ಕೆ ಕಾದು ತಲೆತಗ್ಗಿಸಿದ್ದವನ ಕೈಗೆ ಮೇಷ್ಟ್ರು ಇನ್ನೊಂದು ಪ್ರೊಪೆಲ್ಲರ್ ಇಟ್ಟರು.

"ಇದೇ ಕೊನೇದು. ರೆಕ್ಕೆ ಮುರಿದ್ರೆ ಮತ್ತೆ ಕಟ್ಟೋ ಕೈ ನಂಗಿಲ್ಲ. ಸಂಜೆ ಹೋಗಾನ ನಡಿ."

ಸಂಜೆ ಬಯಲಿನಲ್ಲಿ ಜುಂಜಣ್ಣ ಈ ಸಲ ವಿಮಾನದ ಮೂತಿಯನ್ನು ಗಾಳಿಗೇ ತಿರುಗಿಸಿದ. ಹಿಂದೆ ಕುರ್ಚಿಯಲ್ಲಿ ಕೂತ ಮೇಷ್ಟ್ರು ಹೇಳುತ್ತಲೇ ಇದ್ದರು: "ಬಾಲ ಅದುಮಿ ಹಿಡಿ. ರೇಸು ಮೆಲ್ಲಗೆ ಕೊಡು. ಎಡಕ್ಕೆ ಎಳೀತೈತೆ, ಬಲಕ್ಕೆ ಒಂಚೂರು ತಡಿ." ವಿಮಾನ ತುಸು ತೂರಾಡಿ ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ಅಬ್ಬಾ!

ಹಾರಿಸುವುದೇನು ಮಹಾ, ಇಳಿಸುವುದೇ ಕಷ್ಟ. ಎರಡು ಸುತ್ತು ಹಾಕಿಸಿ ಅವನು ಗಾಳಿಗೆದುರಾಗಿ ತಗ್ಗಿಸುತ್ತ ಬಂದ. ರೇಸನ್ನು ಪೂರ್ತಿ ಇಳಿಸಲಿಲ್ಲ. ಗಾಲಿಗಳು ನೆಲ ಸವರಿದವು, ಒಮ್ಮೆ ಪುಟಿದವು, ಮತ್ತೆ ಕೂತವು. ಬಾಲ ಮೆಲ್ಲಗಿಳಿಯಿತು. ವಿಮಾನ ನಿಂತಿತು, ಜುಂಜಣ್ಣ ಮಾತ್ರ ಬಾಲ ಅದುಮುವ ರಿಮೋಟಿನ ಕಡ್ಡಿಯನ್ನು ಹಿಂದಕ್ಕೆಳೆದೇ ಹಿಡಿದಿದ್ದ.

ಹಿಂದೆ ಸದ್ದೇ ಇಲ್ಲ. ಅವನು ಗಾಬರಿಯಿಂದ ತಿರುಗಿದ. ಮೇಷ್ಟ್ರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದರು.

"ಸಾ, ಇಳೀತು ಸಾ. ಒಂದು ಗೀರೂ ಇಲ್ಲ. ನಿಮ್ಮ ಋಣ ಹೆಂಗೆ ತೀರ್ಸಲಿ ನಾನು?" ಅವನು ಅವರ ಕಾಲು ಮುಟ್ಟಿದ.

ಮೇಷ್ಟ್ರು ಕಣ್ಣು ತೆರೆದು, ಒರೆಸಿಕೊಂಡರು.

"ಭಯಕ್ಕೆ ನೋಡ್ಲೇ ಇಲ್ಲ ಕಣ್ಲೇ. ಇನ್ನೊಂದ್ಸಲ ಇಳ್ಸು."