ಬೆನ್ನಿಗೆ ಬಾಗಿಲಿಲ್ಲದ ಗಿಟಾರ್

ಮೂರು ವರ್ಷಗಳ ಹಿಂದಿನ ಮಾತು. ನಾನು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟು ಆಗಲೇ ಇಪ್ಪತ್ತೆರಡು ವರ್ಷ ಕಳೆದಿತ್ತು. ಒಂದು ಬುಧವಾರ ಭದ್ರಾವತಿಯ ಕಾಗದನಗರದಿಂದ ಮುರುಗೇಶಣ್ಣ ಬಂದರು. ಕಾಗದದ ಮಿಲ್ಲಿನಲ್ಲಿ ಮಿಷಿನ್ ನಡೆಸಿ ನಿವೃತ್ತರಾದವರು. ಸುತ್ತಿ ತಂದಿದ್ದ ಬೆಡ್‌ಶೀಟ್ ಬಿಚ್ಚಿ ಹಳೆಯ ಹಾಲೋ ಬಾಡಿ ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದರು.

ಹಾಲೋ ಬಾಡಿ ಎಂದರೆ ಒಳಗೆ ಪೂರ್ತಿ ಟೊಳ್ಳು. ಮೂರು ಇಂಚು ದಪ್ಪದ ಒಡಲು, ಮುಂದೆ ಪಿಟೀಲಿಗಿರುವಂಥ ಎರಡು ಬಳುಕು ರಂಧ್ರ. ಪಾಲಿಶ್ ತುಂಬ ಕೂದಲೆಳೆಯಂಥ ಬಿರುಕು, ಅಂಚಿನ ಪಟ್ಟಿ ಹಳದಿಗಟ್ಟಿ ಅಲ್ಲಲ್ಲಿ ಉದುರಿತ್ತು. ಕುತ್ತಿಗೆ ಮಾತ್ರ ನೇರವಾಗಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು.

"ಭಾನುವಾರ ನಮ್ಮ ಆರ್ಕೆಸ್ಟ್ರಾದಲ್ಲಿ ಉಳಿದಿರೋ ಮೂವರು ಸೇರ್ತೀವಿ. ಅಷ್ಟರಲ್ಲಿ ಈ ಕರಕರ ತೆಗೆದು ಕೊಡು. ಮೈಗೆ ಗರಗಸ ಮಾತ್ರ ತಾಗಿಸ್ಬೇಡ ಮಾರಾಯ."

"ಆಯ್ತು ಬಿಡಿ ಅಣ್ಣಾ" ಎಂದೆ.

ಹಾರ್ಮೋನಿಯಂ ಬಿಚ್ಚಿ ಪಳಗಿದ ಕೈ ನನ್ನದು. ಯಾವ ವಾದ್ಯಕ್ಕೂ ಒಂದು ಮುಚ್ಚಳ ಇದ್ದೇ ಇರುತ್ತದೆಂಬ ನಂಬಿಕೆ. ಮೇಲಿನ ನಟ್ಟು ಸಡಿಲಿಸಿ, ವಾಲ್ಯೂಮ್, ಟೋನ್ ತಿರುಗಿಸುವ ನಾಲ್ಕೂ ಕಂಟ್ರೋಲ್‌ಗಳನ್ನು ಒಳಕ್ಕೆ ಬೀಳಿಸಿದೆ, ವೈರು ಹಿಡಿದು ರಂಧ್ರದಿಂದ ಹೊರಗೆಳೆದು ಸ್ವಚ್ಛ ಮಾಡಿದೆ. ಮರಳಿ ಕೂರಿಸಲೆಂದು ಗಿಟಾರನ್ನು ಬೋರಲು ಹಾಕಿದರೆ ಬೆನ್ನಿಗೆ ಬಾಗಿಲೂ ಇಲ್ಲ, ಒಂದು ಸ್ಕ್ರೂ ಕೂಡ ಇಲ್ಲ. ಸುತ್ತಲೂ ಅಂಟಿಸಿದ ಮರ. ರಂಧ್ರದಲ್ಲಿ ಎರಡು ಬೆರಳು ತೂರುತ್ತಿದ್ದವು, ಕೈ ಮುಂದಕ್ಕೆ ಹೋಗುತ್ತಿರಲಿಲ್ಲ.

ಗುರುವಾರ, ಶುಕ್ರವಾರ ಅದರಲ್ಲೇ ಕಳೆದವು. ತಂತಿ, ಚಿಮಟ, ಹೆಣಿಗೆ ಕಡ್ಡಿ ಎಲ್ಲ ಆಯಿತು. ಮುರುಗೇಶಣ್ಣ ಫೋನ್ ಮಾಡಿದಾಗಲೆಲ್ಲ "ಆಗ್ತಿದೆ" ಎನ್ನುತ್ತಿದ್ದೆ. ಅಂದಷ್ಟೂ ನಿಜ ಹೇಳುವುದು ಕಷ್ಟವಾಗುತ್ತ ಬಂತು. ಶನಿವಾರ ಬೆಳಿಗ್ಗೆ ಗಿಟಾರಿನ ಬೆನ್ನಿನ ಮೇಲೆ ಪೆನ್ಸಿಲಿನಿಂದ ಚೌಕ ಎಳೆದೆ. ಕೊರೆದು, ಆಮೇಲೆ ತಗಡು ಮುಚ್ಚುವ ಯೋಚನೆ. ಗರಗಸ ಕೈಗೆತ್ತಿಕೊಳ್ಳುವಷ್ಟರಲ್ಲಿ ಮುರುಗೇಶಣ್ಣ ಬಾಗಿಲಲ್ಲಿ ನಿಂತಿದ್ದರು.

"ಇದೇನು, ಸೈಟ್ ಅಳತೆ ಹಾಕಿದೀಯ?"

"ತಪ್ಪಾಯ್ತು ಅಣ್ಣಾ. ಬಿಚ್ಚಿಬಿಟ್ಟೆ, ಕೂರಿಸೋಕೆ ಬರ್ತಿಲ್ಲ. ಹಿಂದೆ ಬಾಗಿಲಿರುತ್ತೆ ಅಂದ್ಕೊಂಡಿದ್ದೆ."

"ಮತ್ತೆ ಎರಡು ದಿನದಿಂದ ಫೋನಲ್ಲಿ ಆಗ್ತಿದೆ, ಆಗ್ತಿದೆ ಅಂದಿದ್ದು ಯಾರು, ನಿಮ್ಮ ತಾತನಾ?"

ಅವರು ಗರಗಸವನ್ನು ಎತ್ತಿ ಕಪಾಟಿನ ಮೇಲಿಟ್ಟರು. ರಂಧ್ರದೊಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು.

"ಮಿಷಿನ್‌ನಲ್ಲಿ ಕಾಗದ ಹರಿದ್ರೆ ನಾವು ರೋಲರ್ ಮಧ್ಯ ಕೈ ಹಾಕ್ತಿದ್ವಾ? ಅಲ್ಲಿ ಹಗ್ಗ ಓಡ್ತಿರುತ್ತೆ. ಕಾಗದದ ತುದೀನ ಅದಕ್ಕೆ ಸಿಕ್ಕಿಸಿದ್ರೆ ಅದೇ ಎಳ್ಕೊಂಡು ಹೋಗುತ್ತೆ. ದಾರ ತಾ."

ದಾರದ ತುದಿಗೆ ಸಣ್ಣ ನಟ್ಟು ಕಟ್ಟಿ ಕಂಟ್ರೋಲ್ ಕೂರುವ ತೂತಿನಿಂದ ಇಳಿಬಿಟ್ಟೆ. ಗಿಟಾರ್ ಓರೆ ಮಾಡಿ ಅಲ್ಲಾಡಿಸಿದಾಗ ನಟ್ಟು ಬಳುಕು ರಂಧ್ರದಿಂದ ಹೊರಬಿತ್ತು. ಕಂಟ್ರೋಲಿನ ಕಡ್ಡಿಗೆ ಸೈಕಲ್ ವಾಲ್‌ನ ರಬ್ಬರ್ ಟ್ಯೂಬಿನ ತುಂಡು ತೊಡಿಸಿ, ಅದಕ್ಕೆ ಆ ದಾರದ ತುದಿ ಬಿಗಿದು, ಬಳುಕು ರಂಧ್ರದೊಳಕ್ಕೆ ಬಿಟ್ಟು ತೂತಿನ ಕಡೆಯಿಂದ ದಾರ ಎಳೆದೆ. ಕಡ್ಡಿ ತೂತಿನಲ್ಲಿ ತಲೆ ಎತ್ತಿತು. ನಾಲ್ಕಕ್ಕೂ ಸೇರಿ ನಲವತ್ತು ನಿಮಿಷ ಹಿಡಿಯಿತು. ಆಂಪ್ಲಿಫೈಯರಿಗೆ ಸಿಕ್ಕಿಸಿದಾಗ ಕರಕರ ಇರಲಿಲ್ಲ. ಪೆನ್ಸಿಲ್ ಗೆರೆಯನ್ನು ಅವರೇ ಪಂಚೆಯ ತುದಿಯಿಂದ ಒರೆಸಿ, ಗಿಟಾರ್ ಎತ್ತಿಕೊಂಡು ಬಸ್ಸಿಗೆ ಹೊರಟರು.

ಬುಧವಾರವೇ ಬಾಯಿಬಿಟ್ಟಿದ್ದರೆ ಆ ದಾರ ಬುಧವಾರವೇ ಸಿಗುತ್ತಿತ್ತು. ಈಗ ಗೊತ್ತಿಲ್ಲದ ವಾದ್ಯ ಬಂದರೆ, ಬಿಚ್ಚುವ ಮೊದಲೇ "ಇದು ನನಗೆ ಹೊಸದು" ಎನ್ನುತ್ತೇನೆ. ಕೆಲವರು ಆ ಮಾತು ಕೇಳಿ ವಾಪಸ್ ಎತ್ತಿಕೊಂಡು ಹೋಗುತ್ತಾರೆ. ಹೋಗಲಿ.