ಗದ್ದುಗೆ ಮಣ್ಣಿನ ಪುಂಡಿಪಲ್ಯ

ಶಹಾಬಾದಿನ ಕಲ್ಲುಗಣಿಗೆ ಹತ್ತಿದ ಆ ಓಣಿಯಲ್ಲಿ ನೆಲವೆಂದರೆ ಫರಸಿಕಲ್ಲು. ಗೂಟ ಜಡಿಯಲೂ ಮಣ್ಣಿರಲಿಲ್ಲ. ಅಂಥ ಕಡೆ ರತ್ನಾಬಾಯಿ ಪುಂಡಿಪಲ್ಯದ ಹುಳಿಸೊಪ್ಪು ಬೆಳೆದಳು. ನಿಜಾಮರ ಕಾಲದ ಮಾತು.

ಗಂಡ ನಾಗೇಂದ್ರಪ್ಪ ಗಣಿಯಲ್ಲಿ ಕಲ್ಲು ಸೀಳುತ್ತಿದ್ದ. ಬಂಡೆ ಜಾರಿ ಸತ್ತ. ಲಿಂಗವಂತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿ, ಮೇಲೆ ಗದ್ದುಗೆ ಕಟ್ಟಿದರು. ಗದ್ದುಗೆಯ ಮುಂದೆ ಅಳುತ್ತ ಕುಂತವಳಿಗೆ ಓಣಿಯ ಅಯ್ಯನವರು ಗುರುಲಿಂಗಯ್ಯ ಹೇಳಿದರು: "ಅಳಬ್ಯಾಡವ್ವ. ಶರಣರಿಗೆ ಸಾವಿನ ಸೂತಕ ಇಲ್ಲ. ಮನಿಗಿ ಹೋಗಿ ಒಲಿ ಹಚ್ಚು."

ಮುಂದೆ ಗಣಿ ಬೆಳೆಯುತ್ತ ಮಶಾನಕ್ಕೇ ಬಂತು. ಗಣಿಯ ಗುತ್ತೇದಾರ ಪರವಾನಗಿ ತೋರಿಸಿ ಗದ್ದುಗೆಗಳನ್ನು ಅಗೆಸಿದ. ಊರ ಹಿರಿಯರು ಕೈಕಟ್ಟಿ ನಿಂತರು. ಎಲುಬುಗಳನ್ನು ಕಾಗಿಣಾ ಹೊಳೆಯ ದಂಡೆಗೆ ಒಯ್ದು ಮತ್ತೆ ಹೂಳಿದರು. ಮಣ್ಣು ಗಣಿಯ ಕಸಕ್ಕೆ ಹೊರಟಿತ್ತು. ರತ್ನಾಬಾಯಿ ಗಂಡನ ಗದ್ದುಗೆಯ ಮಣ್ಣನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ಮನೆಗೆ ಹೊತ್ತಳು.

ಅಂಚು ಮುರಿದು ಬಿಸಾಕಿದ ಫರಸಿ ತುಂಡುಗಳನ್ನು ಆಯ್ದು ತಂದು, ಅಂಗಳದಲ್ಲಿ ಮೊಣಕಾಲೆತ್ತರ ನಿಲ್ಲಿಸಿ, ಸಂದಿಗೆ ಕೆಸರು ಮೆತ್ತಿ, ಒಳಗೆ ಮಣ್ಣು ತುಂಬಿದಳು. ಮೊದಲ ಬೀಜ ಕೊಳೆಯಿತು. ಅಡಿಯಲ್ಲಿ ಬಂಡೆ, ಸುತ್ತಲೂ ಬಂಡೆ, ನೀರು ಹೋಗುವುದಾದರೂ ಎಲ್ಲಿಗೆ? ಮಣ್ಣೆಲ್ಲ ತೆಗೆದು ಕಲ್ಲುಚೂರು ಹರಡಿದಳು, ಮೂಲೆಯಲ್ಲಿ ಸಂದಿ ಬಿಟ್ಟಳು, ಸಗಣಿಗೊಬ್ಬರ, ಬೂದಿ ಬೆರೆಸಿ ಮತ್ತೆ ತುಂಬಿದಳು. ಈ ಸಲ ಪುಂಡಿ ಎದ್ದಿತು.

ಪಕ್ಕದ ಮನೆಯ ಜಾನಬಿ ಇಣುಕಿದಳು. "ಅಕ್ಕಾ, ನಿನ್ ಗಂಡ ಜೀವ ಇದ್ದಾಗ ಒಂದ್ ಕೊಡ ನೀರು ತಂದಾಂವಲ್ಲ. ಈಗ ನೋಡು, ಪಲ್ಯ ಬೆಳ್ಯಾಕತ್ಯಾನ!"

"ಸುಮ್ಕಿರೇ ಹುಚ್ಚಿ!" ರತ್ನಾಬಾಯಿ ನಕ್ಕಳು. ಗಂಡ ಸತ್ತ ಮೇಲೆ ನಕ್ಕದ್ದು ಅಂದೇ.

ಓಣಿ ನಗಲಿಲ್ಲ. ಅವಳು ಹಂಚಿದ ಪಲ್ಯವನ್ನು ಜಾನಬಿಯೊಬ್ಬಳೇ ಉಂಡಳು. ಉಳಿದವರು ಸೂತಕದ ಮಣ್ಣಿನದೆಂದು ತಿಪ್ಪೆಗೆ ಚೆಲ್ಲಿದರು. ಸೋಮವಾರದ ಭಿಕ್ಷೆಗೆ ಬಂದ ಗುರುಲಿಂಗಯ್ಯನವರೂ ಅವಳ ಬಾಗಿಲಲ್ಲಿ ಜೋಳಿಗೆ ಮುಚ್ಚಿ ಮುಂದೆ ನಡೆದರು. ಅಯ್ಯನವರು ಒಲ್ಲೆನೆಂದ ಮನೆಯವರನ್ನು ಮದುವೆಗೂ ಕರೆಯರು, ಸತ್ತರೆ ಮಣ್ಣಿಗೂ ಬಾರರು.

ಗದ್ದುಗೆ ಅಗೆಸಿದ ಗುತ್ತೇದಾರನ ಮನೆಯಲ್ಲಿ ಹಬ್ಬದ ಹೋಳಿಗೆ ಉಂಡು ಬಂದಾಗ ಈ ಜನಕ್ಕೆ ಸೂತಕ ನೆನಪಾಗಲಿಲ್ಲ. ಮಣ್ಣು ಹೊತ್ತವಳನ್ನು ಕಂಡಾಗ ನೆನಪಾಯಿತು!

ಮುಂದಿನ ಸೋಮವಾರ ರತ್ನಾಬಾಯಿ ರೊಟ್ಟಿ, ಪುಂಡಿಪಲ್ಯ ಹಿಡಿದು ಅಯ್ಯನವರಿಗೆ ಅಡ್ಡ ನಿಂತಳು.

"ಪುಂಡಿ ಕಿತ್ತು ಬಿಲ್ವಪತ್ರಿಗಿಡ ಹಚ್ಚವ್ವ. ಮಂದಿ ಬಾಯಿ ಮುಚ್ಚತದ," ಎಂದರು ಅವರು.

"ಪತ್ರಿ ದೇವರಿಗ್ರಿ, ಅಯ್ಯನೋರೆ. ನಮ್ಮ ಮನಿಯವರಿಗೆ ಪುಂಡಿಪಲ್ಯ ಇಲ್ದಿದ್ರ ರೊಟ್ಟಿ ಇಳೀತಿದ್ದಿಲ್ಲ."

"ಹಂಗಲ್ಲವ್ವ..."

"ಗದ್ದುಗಿ ಮುಂದ ಸೂತಕಿಲ್ಲ ಅಂದಾವ್ರು ನೀವಲ್ರಿ? ಆವತ್ತು ಖರೇ ಹೇಳಿದ್ರೋ, ಅಳಾಕಿ ಬಾಯಿ ಮುಚ್ಚಸ್ಲಾಕ ಹೇಳಿದ್ರೋ?"

ಬಾಗಿಲು ಬಾಗಿಲಿಗೆ ಜನ ನಿಂತಿದ್ದರು. ಗುರುಲಿಂಗಯ್ಯನವರು ಅಂಗಳದ ಆ ಹಸಿರಿನ ಬಳಿಗೆ ನಡೆದರು. ಆಮೇಲೆ ಜೋಳಿಗೆ ಇಳಿಸಿ, ಅದೇ ಫರಸಿಯಂಚಿನ ಮೇಲೆ ಕುಂತು ಕೈಚಾಚಿದರು. ಎಲ್ಲರ ಎದುರೇ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ಉಂಡರು.

"ನೀರು ಕೊಡವ್ವ," ಎಂದರು.

ಚೆಲ್ಲಿದವರೇ ಮರುದಿನ ಸೊಪ್ಪು ಕೇಳಿ ಬಂದರು. ರತ್ನಾಬಾಯಿ ಚಿವುಟಿ ಚಿವುಟಿ ಕೊಟ್ಟಳು. ಗುತ್ತೇದಾರನ ಆಳೂ ಸೊಪ್ಪಿಗೆ ಬಂದಾಗ ಮಾತ್ರ ಅವಳ ಕೈ ನಿಂತಿತು.

"ನಿಮ್ಮ ಸಾವ್ಕಾರ ಒಯ್ದದ್ದು ಇನ್ನಾ ಸಾಕಾಗಿಲ್ಲೇನಪ?"